ವಲ್ಲಿಯ ಕೆಳಗಿನ ಕೈ

"ಮ್ಯಾಲೆ ಎರಡು ಮುಖ, ಕೆಳಗ ಎರಡು ಕೈ, ನಡುವ ಒಂದು ವಲ್ಲಿ. ಒಬ್ಬಾಂವ ಕೇಳಿದ, ಇನ್ನೊಬ್ಬಾಂವ ಕೊಟ್ಟ. ಇಬ್ಬರೂ ಬಾಯಿ ಬಿಚ್ಚಲಿಲ್ಲ. ಎಷ್ಟಕ್ಕ ಆತು, ಹೇಳವಾ."

ಇದು ಒಗಟು. ವಲ್ಲಿ ಎಂದರೆ ಹೆಗಲ ಮೇಲಿನ ಟವೆಲು. ಬಿಡಿಸಲು ಕೂರಬೇಡಿ, ಇದನ್ನು ಬಿಡಿಸಿದವರು ಈವರೆಗೆ ಯಾರೂ ಇಲ್ಲ. ಅಡಿವೆಪ್ಪ ಮಾಸ್ತರು ಇದನ್ನು ಇಂಚರಳಿಗೆ ಹಾಕಿದ್ದು ಅವಳು ಅವರನ್ನು ಒಂದು ಪ್ರಶ್ನೆ ಕೇಳಿದ್ದಕ್ಕೆ. ಪ್ರಶ್ನೆ ಹಿಡಿದು ಬಂದವರ ತಟ್ಟೆಗೆ ಇನ್ನೊಂದು ಪ್ರಶ್ನೆ ಬಡಿಸುವುದು ಮಾಸ್ತರರ ಹಳೆಯ ಚಾಳಿ.

ಇಂಚರಳ ಪ್ರಶ್ನೆ ಇಷ್ಟೇ: "ಸರ್, ನಂಗ ಸೀಟು ಸಿಗೂ ಚಾನ್ಸ್ ಎಷ್ಟೈತ್ರಿ?"

ಬಸ್ಸಿನ ಸೀಟಾಗಿದ್ದರೆ ಕಿಟಕಿಯಿಂದ ಕರ್ಚೀಫು ಎಸೆದು ಹಿಡಿಯಬಹುದಿತ್ತು. ಇದು ಬೆಂಗಳೂರಿನ ದೊಡ್ಡ ಕಾಲೇಜೊಂದರ ಬಿಬಿಎ ಸೀಟು. ಅರ್ಜಿ ಹಾಕಿದವರು ಒಂದು ಸಂತೆಯಷ್ಟು, ಸೀಟು ಒಂದು ಮುಷ್ಟಿಯಷ್ಟು. ಪ್ರವೇಶ ಪರೀಕ್ಷೆಯನ್ನು ಅವಳು ದಾಟಿದ್ದಳು. ಸೋಮವಾರ ಸಂದರ್ಶನ. ಅಪ್ಪ ಮೊದಲೇ ಹೇಳಿಬಿಟ್ಟಿದ್ದರು: ಅಲ್ಲಿ ಸಿಕ್ಕರೆ ಬೆಂಗಳೂರು, ಇಲ್ಲದಿದ್ದರೆ ಮನೆಯ ಹಿಂದಿನ ಕಾಲೇಜು. ಆ ಕಾಲೇಜು ಎಷ್ಟು ಹಿಂದೆ ಎಂದರೆ, ಅಡುಗೆಮನೆ ಕಿಟಕಿಯಿಂದಲೇ ಹಾಜರಿ ಕೂಗಬಹುದು. ಇಂಚರ ಹುಟ್ಟಿದಾಗಿನಿಂದ ಆ ಕಿಟಕಿಯನ್ನು ನೋಡಿದವಳು. ಅವಳಿಗೆ ಅದರ ಆಚೆ ಹೋಗಬೇಕಿತ್ತು.

ಸಂದರ್ಶನದ ಕರೆ ಬಂದಾಗಿನಿಂದ ಅವಳ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಓದಲು ಕೂತರೆ ಎದ್ದಳು, ಎದ್ದರೆ ಯಾರನ್ನಾದರೂ ಕೇಳಿದಳು. ಆ ಕಾಲೇಜಿನ ಸೀನಿಯರ್ ಹುಡುಗಿ 'ಪಕ್ಕಾ' ಎಂದಳು. ಕೋಚಿಂಗಿನವರು 'ಬಾರ್ಡರ್' ಎಂದರು. ಸೋದರಮಾವ "ವಶೀಲಿ ಯಾರದೈತಿ?" ಎಂದು ತಿರುಗಿ ಕೇಳಿದ. ಮೊಬೈಲಿನಲ್ಲಿ ಚಾನ್ಸ್ ಹೇಳುವ ಆ್ಯಪು ಒಂದಿತ್ತು. ಅದು ಬೆಳಿಗ್ಗೆ ನೂರಕ್ಕೆ ಅರವತ್ತು ಎಂದಿತು. ಹವ್ಯಾಸ ಎಂಬಲ್ಲಿ ಓದು ತೆಗೆದು ಈಜು ಎಂದು ಹಾಕಿದರೆ ಎಪ್ಪತ್ತು ಎಂದಿತು. ಇಂಚರ ಬಕೆಟ್ಟಿನ ನೀರಿಗೂ ಹೆದರುವವಳು. ಆದರೂ ಆ ದಿನ ಎರಡು ರೊಟ್ಟಿ ಹೆಚ್ಚಿಗೆ ತಿಂದಳು. ಸಂಜೆ ಹೊತ್ತಿಗೆ ಅದೂ ಕರಗಿ, ಕೊನೆಗೆ ಮಾಸ್ತರರ ಕಟ್ಟೆ ಹತ್ತಿದಳು. ಅವಳಿಗೆ ಕಾಮರ್ಸು ಕಲಿಸಿದವರು ಅವರು. ಅವರು ಒಂದು ಅಂಕಿ ಹೇಳಿದರೆ ಅದು ಅಂಕಿಯೇ ಎಂದು ಅವಳ ನಂಬಿಕೆ.

ಮಾಸ್ತರು ಶೇಂಗಾ ಸುಲಿಯುತ್ತಿದ್ದರು. "ಕುಂದ್ರು," ಎಂದು ಒಂದು ಹಿಡಿ ಅವಳ ಕೈಗೆ ಹಾಕಿದರು. ಆಮೇಲೆ ಆ ಒಗಟು ಹಾಕಿದರು.

"ಒಗಟು ಬ್ಯಾಡ್ರಿ ಸರ್. ನನ್ನ ಜೀವ ಹೋಗಾಕತ್ತೈತಿ."

"ಹೋಗಾಕ ಇನ್ನೂ ಹೊತ್ತೈತಿ. ಕತಿ ಕೇಳು."

ಅವರು ಹೇಳಿದ ಕತೆ ಹೀಗಿದೆ.

ಒಬ್ಬ ದನದ ವ್ಯಾಪಾರಿ ಇದ್ದ. ಅವನು ವರ್ಷಕ್ಕೆ ಒಬ್ಬ ಯುವಕನನ್ನು ಮಾತ್ರ ಆರಿಸಿಕೊಂಡು, ಜೊತೆಗೆ ಸಂತೆಗಳನ್ನು ಸುತ್ತಿಸಿ, ವ್ಯಾಪಾರ ಕಲಿಸುತ್ತಿದ್ದ. ಅವನ ಕೈಯಲ್ಲಿ ಪಳಗಿದವನಿಗೆ ಯಾವ ಸಂತೆಯಲ್ಲೂ ಟೋಪಿ ಬೀಳುತ್ತಿರಲಿಲ್ಲ. ಆದ್ದರಿಂದ ಆರಿಸುವ ದಿನ ಅವನ ಅಂಗಳದಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ.

ದನದ ಸಂತೆಯಲ್ಲಿ ದರವನ್ನು ಬಾಯಿಂದ ಹೇಳುವುದಿಲ್ಲ. ಹೆಗಲ ಮೇಲಿನ ವಲ್ಲಿ ತೆಗೆದು ಕೈಗಳ ಮೇಲೆ ಹಾಕುತ್ತಾರೆ. ಅದರ ಕೆಳಗೆ ಒಬ್ಬ ಬೆರಳು ಅದುಮಿ ಕೇಳುತ್ತಾನೆ, ಇನ್ನೊಬ್ಬ ಬೆರಳು ಅದುಮಿ ಹೇಳುತ್ತಾನೆ. ಸುತ್ತ ನಿಂತವರಿಗೆ ಕಾಣುವುದು ಮುಖ ಮಾತ್ರ.

ವ್ಯಾಪಾರಿಯ ಪರೀಕ್ಷೆಯೂ ಅದೇ. ಅಂಗಳದ ನಡುವೆ ಒಂದು ಎತ್ತು ಕಟ್ಟಿರುತ್ತದೆ. ಬಂದವನು ಎದುರು ಕೂರಬೇಕು. ವಲ್ಲಿ ಬೀಳುತ್ತದೆ. ವ್ಯಾಪಾರಿ ಆ ಎತ್ತಿಗೆ ಒಂದು ದರ ಕೇಳುತ್ತಾನೆ. ಬೆರಳಿನಲ್ಲೇ ಉತ್ತರ ಕೊಡಬೇಕು. ಕೊಟ್ಟವನು ಎದ್ದು ಹಿಂದಿನ ಬಾಗಿಲಿಂದ ಹೋಗಬೇಕು.

ಒಬ್ಬ ಯುವಕ ಬಂದ. ಎತ್ತು ಬಲ್ಲವನು. ಹಲ್ಲು ನೋಡಿ ವಯಸ್ಸು ಹೇಳುವವನು, ಸುಳಿ ನೋಡಿ ಗುಣ ಹೇಳುವವನು. ಸಾಲಿನ ಕೊನೆಯಲ್ಲಿ ನಿಂತ. ಎತ್ತು ಎದುರಿಗೇ ಇತ್ತು. ನೋಡಲು ಬೇಕಾದಷ್ಟು ಹೊತ್ತಿತ್ತು. ಅವನು ಎತ್ತನ್ನು ನೋಡಲಿಲ್ಲ. ಎದ್ದು ಹೋಗುವವರ ಮುಖ ನೋಡಿದ.

ಒಬ್ಬ ನಗುತ್ತಾ ಹೋದ. ಇವನಿಗೆ ಆಯಿತು, ನನ್ನದು ಮುಗಿಯಿತು ಎಂದು ಯುವಕ ಅಂದುಕೊಂಡ. ಒಬ್ಬ ಮುಖ ಇಳಿಬಿಟ್ಟು ಹೋದ. ಹಾಗಾದರೆ ನನಗೆ ಇನ್ನೂ ಉಂಟು ಎಂದುಕೊಂಡ. ಒಬ್ಬ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಹೋದ. ಅದನ್ನು ಯಾವ ಲೆಕ್ಕಕ್ಕೆ ಹಾಕಬೇಕೋ ತಿಳಿಯದೆ ಬಹಳ ಒದ್ದಾಡಿದ.

ದನಕ್ಕೆ ಮೇವು ಹಾಕುವವನು ಆ ಕಡೆ ಬಂದ. ಯುವಕ ಅವನ ತೋಳು ಹಿಡಿದು ಕೇಳಿದ:

"ಎಂಥವರನ್ನ ಆರಿಸ್ತಾರಪ್ಪಾ?"

"ನಂಗೇನು ಗೊತ್ತು? ಹ್ವಾದ ವರ್ಷದಾಂವ ಎಡಗಾಲು ಮುಂದಿಟ್ಟು ಬಂದಿದ್ದ, ಅಷ್ಟು ನೆನಪೈತಿ."

ಯುವಕ ಸಾಲಿನಲ್ಲಿ ನಿಂತೇ ಎಡಗಾಲು ಮುಂದಿಡುವುದನ್ನು ರೂಢಿ ಮಾಡಿಕೊಂಡ. ಮುಂದೆ ನಿಂತವರು ತಿರುಗಿ ನೋಡಿ, ಇವನಿಗೆ ಕಾಲು ಜೋಮು ಹಿಡಿದಿದೆ ಎಂದುಕೊಂಡರು.

ಇಲ್ಲಿ ಮಾಸ್ತರು ಒಂದು ಶೇಂಗಾ ಬಾಯಿಗೆ ಹಾಕಿಕೊಂಡರು. ಇಂಚರ ತನ್ನ ಹಿಡಿಯಲ್ಲಿದ್ದುದನ್ನು ಸಿಪ್ಪೆ ಸಮೇತ ಹಿಸುಕಿ ಪುಡಿ ಮಾಡಿದ್ದಳು. ಮೊಬೈಲು ಮಗುಚಿ ಇಟ್ಟಿದ್ದಳು, ಮತ್ತೆ ತಿರುಗಿಸಿ ನೋಡಿದಳು, ಮತ್ತೆ ಮಗುಚಿದಳು.

"ಅವನ ಸರದಿ ಬಂತೇನ್ರಿ?"

ಬಂತು. ಎಡಗಾಲು ಮುಂದಿಟ್ಟು ಹೋಗಿ ಕೂತ. ವಲ್ಲಿ ಬಿತ್ತು. ವ್ಯಾಪಾರಿ ಅವನ ಬೆರಳು ಅದುಮಿದ. ಯುವಕ ವ್ಯಾಪಾರಿಯ ಮುಖ ನೋಡಿದ. ಒಂದು ಹುಬ್ಬು ಮೇಲೇರಿತು. ಏರಿದ್ದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಎಂದು ಯೋಚಿಸಿದ. ಮೀಸೆ ಅಲುಗಿತು. ಅದು ನಗೆಯೋ ನೊಣವೋ ಎಂದು ಯೋಚಿಸಿದ. ಅಷ್ಟರಲ್ಲಿ ವ್ಯಾಪಾರಿ ಅದುಮುವುದು ಮುಗಿದಿತ್ತು.

ಕೈ ಏನು ಕೇಳಿತು ಎಂದು ಅವನಿಗೆ ಗೊತ್ತಾಗಲಿಲ್ಲ. ಎತ್ತಿನ ಕಡೆ ತಿರುಗೋಣವೆಂದರೆ ಅದು ಬೆನ್ನ ಹಿಂದಿತ್ತು. ವಲ್ಲಿಯ ಕೆಳಗೆ ಅವನ ಅಂಗೈ ಬೆವರಿತು. ವ್ಯಾಪಾರಿ ಕಾಯುತ್ತಿದ್ದ. ಯುವಕ ಬಾಯಿಗೆ ಬಂದಂತೆ ಎನ್ನುತ್ತಾರಲ್ಲ, ಹಾಗೆ ಬೆರಳಿಗೆ ಬಂದಂತೆ ಏನೋ ಒಂದು ಅದುಮಿದ. ವ್ಯಾಪಾರಿ ವಲ್ಲಿ ಕೊಡವಿ ಹೆಗಲಿಗೆ ಹಾಕಿಕೊಂಡ.

ಮಾಸ್ತರು ಸಿಪ್ಪೆಗಳನ್ನು ಗುಡ್ಡೆ ಮಾಡತೊಡಗಿದರು.

ಇಂಚರ ಕಾದಳು. ಕಾಯುವುದು ಅವಳಿಗೆ ಈಗೀಗ ಬರುತ್ತಿರಲಿಲ್ಲ. ತನ್ನ ಅಂಗೈಯೂ ಬೆವರಿದ್ದು ನೋಡಿ ಲಂಗಕ್ಕೆ ಒರೆಸಿಕೊಂಡಳು.

"ಮುಂದ, ಸರ್?"

"ಮುಂದ ಏನಿಲ್ಲ. ನಾ ಕೇಳಿದ ಕತಿ ಅಲ್ಲಿಗೇ ನಿಂತೈತಿ."

"ನಿಂತೈತಿ ಅಂದ್ರ ಹೆಂಗ್ರಿ? ಆರಿಸಿದ್ನೋ ಇಲ್ಲೋ ಅಷ್ಟ ಹೇಳ್ರಿ. ಎಡಗಾಲು ಇಟ್ಟಿದ್ನಲ್ರಿ. ಎತ್ತಿನ ಬಗ್ಗೆ ಎಲ್ಲಾ ಗೊತ್ತಿತ್ತಲ್ರಿ ಅವಗ. ಬೆರಳಿಗೆ ಬಂದದ್ದ ಸರಿಯಾಗಿರಬಹುದಲ್ರಿ?"

ಮಾಸ್ತರು ತಲೆ ಎತ್ತಿ ಅವಳನ್ನು ನೋಡಿದರು. ಇಂಚರಳ ತುಟಿ ಒಣಗಿತ್ತು. ಕಣ್ಣು ಅವರ ಹುಬ್ಬಿನ ಮೇಲೆ, ಮೀಸೆಯ ಮೇಲೆ, ಮತ್ತೆ ಹುಬ್ಬಿನ ಮೇಲೆ ಓಡಾಡುತ್ತಿತ್ತು.

"ಆರಿಸಿದ," ಎಂದರು ಮಾಸ್ತರು. "ಅವನ್ನ ಆರಿಸಿದ. ಸಾಲಿನಾಗ ಎಲ್ಲಾರನ್ನೂ ಬಿಟ್ಟು, ಕೊನೀಗೆ ನಿಂತಿದ್ದ ಅವನ್ನ ಕರಕೊಂಡು ಹ್ವಾದ. ಮುಂದ ಅವ ಆ ವ್ಯಾಪಾರಿಗಿಂತ ದೊಡ್ಡ ವ್ಯಾಪಾರಿ ಆದ."

ಇಂಚರ ಅಷ್ಟು ದಿನದಿಂದ ಹಿಡಿದಿದ್ದ ಉಸಿರು ಬಿಟ್ಟಳು. ಪುಡಿಯಾದ ಸಿಪ್ಪೆಯೊಳಗೆ ಹುಡುಕಿ ಒಂದು ಶೇಂಗಾ ಬಾಯಿಗೆ ಹಾಕಿಕೊಂಡಳು. ಮೊದಲ ಸಲ ಗೋಡೆಗೆ ಒರಗಿ ಕೂತಳು.

"ಅಂದ್ರ ನಂಗೂ ಸಿಗತೈತಿ, ಅಲ್ರಿ ಸರ್?"

ಮಾಸ್ತರು ಹೇಳಿದ ಮಾತಿಗೆ ಅವಳ ಬಾಯಲ್ಲಿದ್ದ ಶೇಂಗಾ ಅಗಿಯದೆ ಹಾಗೆಯೇ ಉಳಿಯಿತು.

"ಆ ಕೊನಿ, ಕತಿಯೊಳಗ ಇರಲಿಲ್ಲವ್ವಾ, ಈಗ ನಿನ್ನ ಮುಖ ನೋಡಿ ನಾನ ಕಟ್ಟಿದ್ದು."