ಸಾವಿರ ಗೆರೆ ತಿಕ್ಕಿದ ಭರಮ್ಯಾ

ಹೂಂಗುಟ್ಟೋರು ಮುಂದೆ ಬರ್ರಿ, ನಗು ಬರದೋರು ಹಿಂದೆ ಕೂಡ್ರಿ! ಒಬ್ಬ ಭರಮ್ಯಾ ಇದ್ದ. ಹೇಳಿದ್ದನ್ನ ಹೇಳಿದಂಗೇ ಮಾಡ್ತಿದ್ದ, ಅದೇ ಅವನ ರೋಗ. ಬಡಕೊಂಡು ಬಡಕೊಂಡು ಅವರವ್ವ ಹೊಳೆವ್ವನ ಹಣೆಯೇ ಸವೆದಿತ್ತು. ಐದು ಕೆಲಸ ಕಳಕೊಂಡ ಮಗನನ್ನ ದುಂಡಪ್ಪ ಮಿಸ್ತ್ರಿಯ ಕಾರ್ಖಾನೆಗೆ ಎಳಕೊಂಡು ಹೋಗಿ, ಮಿಸ್ತ್ರಿ ಕಾಲಿಗೆ ಬಿದ್ಲು.

"ಆತು ಬಿಡವಾ. ಮೂರು ತಪ್ಪು ಮಾಡಿದ್ರ ಮನಿಗೆ. ಎಣಿಸ್ತೀನಿ!" ಅಂದ ಮಿಸ್ತ್ರಿ.

ಅಲ್ಲಿ ಎನ್‌ಕೋಡರ್ ಅನ್ನೋ ಡಬ್ಬಿ ಮಾಡ್ತಿದ್ರು. ಡಬ್ಬಿಯೊಳಗೆ ಗಾಜಿನ ಬಿಲ್ಲೆ, ಬಿಲ್ಲೆಯ ಅಂಚಿಗೆ ಸಾವಿರ ಕರಿ ಗೆರೆ. ಈ ಕಡೆ ದೀಪ, ಆ ಕಡೆ ಬೆಳಕು ನೋಡೋ ಕಣ್ಣು. ನಡುವಿನ ಕಬ್ಬಿಣದ ದಂಡ, ಅದೇ ಶಾಫ್ಟು, ತಿರುಗಿದ್ರೆ ಬಿಲ್ಲೆ ತಿರುಗ್ತದೆ, ಕಣ್ಣು ಗೆರೆ ಎಣಿಸ್ತದೆ, ಎಷ್ಟು ತಿರುಗಿತು ಅಂತ ಪರದೆ ಮೇಲೆ ಅಂಕಿ ಬರ್ತದೆ. ಇಷ್ಟೇ. ಭರಮ್ಯಾನ ತಲೆಗೆ ಇಷ್ಟೂ ಹೋಗಲಿಲ್ಲ.

ಮೊದಲ ದಿನ ಮಿಸ್ತ್ರಿ ಅಂದ: "ಬಿಲ್ಲೆ ತಗೊಂಡು ಬಾ. ಕೈ ಹಚ್ಚೀಯಾ, ಹುಷಾರ್!"

ಭರಮ್ಯಾ ಹಲ್ಲಲ್ಲಿ ಕಚ್ಚಿಕೊಂಡು ಬಂದ. ಬಾಯ್ತುಂಬ ಎಲೆಅಡಿಕೆ!

"ಒಂದು!" ಅಂತ ಚೀರಿದ ಮಿಸ್ತ್ರಿ.

ಮನೆಯಲ್ಲಿ ಅವ್ವ ಬೈದ್ಲು: "ಮೂಳಾ! ಮೆತ್ತನ ಅರಿವ್ಯಾಗ ಸುತ್ತಿ ಕೂಸಿನಂಗ ತರಬೇಕಲೇ!"

"ಹಂಗ ಮಾಡ್ತೀನಿ ಬೇ."

ಮರುದಿನ ಮಿಸ್ತ್ರಿ ಶಾಫ್ಟು ತಾ ಅಂದ. ಗ್ರೀಸು ಸುರಿಯೋ ಶಾಫ್ಟು. ಮೆತ್ತನೆಯ ಅರಿವೆ ಎಲ್ಲಿದೆ? ಕಪಾಟಿನಲ್ಲಿದೆ! ತಪಾಸಣೆಗೆ ಬರೋ ಸಾಹೇಬನಿಗೆ ಹೊದಿಸೋಕೆ ತಂದ ರೇಷ್ಮೆ ಶಾಲು! ಸುತ್ತಿ, ಜೋ ಜೋ ಅಂತ ತಂದ.

"ಎರಡು!" ಮಿಸ್ತ್ರಿ ಅಳೋದೊಂದೇ ಬಾಕಿ.

ಅವ್ವ ಅಂದ್ಲು: "ಖೋಡಿ! ಜಿಡ್ಡು ಕಂಡ್ರ ಮೊದಲ ಬೂದಿ ಹಚ್ಚಿ ತಿಕ್ಕಬೇಕು. ಒಂದು ಕಲೆ, ಒಂದು ಗೆರಿ ಉಳೀಬಾರದು! ಇನ್ನೊಂದು ತಪ್ಪಾದ್ರ ನಾ ಭಾವಿ ನೋಡ್ಕೋತೀನಿ!"

"ಹಂಗ ಮಾಡ್ತೀನಿ ಬೇ."

ಮೂರನೇ ದಿನ ತಪಾಸಣೆ. ಸಾಹೇಬನ ಬಾಯಿ ಸಿಹಿ ಮಾಡೋಕೆ ಮಿಸ್ತ್ರಿ ಕುಂದಾ ತರೋಕೆ ಪೇಟೆಗೆ ಓಡಿದ. ಮೇಜಿನ ಮೇಲೆ ಬಿಲ್ಲೆ ಇತ್ತು. ಭರಮ್ಯಾ ನೋಡ್ತಾನೆ, ಅಂಚಿಗೆಲ್ಲ ಗೆರೆ! "ಅಯ್ಯಯ್ಯ, ಅವ್ವ ಭಾವಿಗೆ ಬಿದ್ಲು!" ಬೂದಿ ತಂದ, ತೆಂಗಿನ ನಾರು ತಂದ, ತಿಕ್ಕಿದ, ತಿಕ್ಕಿದ, ತಿಕ್ಕಿದ. ಒಂದು ಗೆರೆಯೂ ಉಳಿಯಲಿಲ್ಲ. ಗಡಿಬಿಡಿಯಲ್ಲಿ ಬಂದ ಮಿಸ್ತ್ರಿ ನೋಡದೆ ಡಬ್ಬಿಗೆ ಜೋಡಿಸಿಬಿಟ್ಟ.

ಸಾಹೇಬ ಬಂದ. ಒಂದು ಕಣ್ಣು ಪರದೆ ಮೇಲೆ, ಒಂದು ಕಣ್ಣು ಕುಂದಾ ಮೇಲೆ. ಶಾಫ್ಟು ಗರಗರ ತಿರುಗಿತು. ಪರದೆ ಮೇಲೆ ಸೊನ್ನೆ. ಇನ್ನೂ ಜೋರು ತಿರುಗಿತು. ಸೊನ್ನೆ! ಮಿಸ್ತ್ರಿಗೆ ಬೆವರು ಕಿತ್ತುಬಂತು.

"ಭೇಷ್!" ಅಂದ ಸಾಹೇಬ. "ತಪ್ಪು ಎಷ್ಟು? ಸೊನ್ನೆ! ಇಪ್ಪತ್ತು ವರ್ಷದಾಗ ಇಂಥಾದ್ದು ನೋಡಿಲ್ಲ. ಯಾರ ಕೈಗುಣರೀ ಇದು?"

"ನಂದರೀ!" ಅಂದ ಭರಮ್ಯಾ.

"ಇಂವನ್ನ ಕೆಲಸದಾಗ ಪಕ್ಕಾ ಮಾಡ್ರಿ! ನೋಡು ತಮ್ಮಾ, ಎಲ್ಲಾನೂ ಹಿಂಗ ಮಾಡು." ಕಾಗದಕ್ಕೆ ಪಾಸಾದ ಠಸ್ಸೆ ಒತ್ತಿ, ಕುಂದಾ ಕಟ್ಟಿಸಿಕೊಂಡು ನಡೆದ. ಠಸ್ಸೆ ಬಿದ್ದ ಮೇಲೆ ಮಿಸ್ತ್ರಿ ಬಾಯಿ ಬಿಟ್ಟಾನೇ?

ಮರುದಿನ ಮಿಸ್ತ್ರಿ ಕಪಾಟು ತೆಗೀತಾನೆ, ನಲವತ್ತು ಬಿಲ್ಲೆ ಥಳಥಳ! ಒಂದಕ್ಕೂ ಗೆರೆಯಿಲ್ಲ. ಪಕ್ಕದಲ್ಲಿ ಬೂದಿ ಮೆತ್ತಿಕೊಂಡು ಭರಮ್ಯಾ.

"ಸಾಹೇಬ್ರು ಹೇಳ್ಯಾರರೀ, ಎಲ್ಲಾನೂ ಹಿಂಗ!"

"ಲೇ ಕತ್ತೀ! ಈಗ ಇದು ಎಷ್ಟನೇ ತಪ್ಪು, ನೀನ ಎಣಿಸಿ ಹೇಳು!"

ಭರಮ್ಯಾ ನಿನ್ನೆಯ ಡಬ್ಬಿಯ ಶಾಫ್ಟು ಒಮ್ಮೆ ಗರ್ರನೆ ತಿರುಗಿಸಿದ. ಪರದೆ ನೋಡಿದ. ಹಲ್ಲು ಕಿರಿದ.

"ಸೊನ್ನೆ ಐತ್ರೀ ಮಿಸ್ತ್ರಿ!"