ಸಹಿ ಕೇಳಿದ ಕಾಶವ್ವ

ಕಾರಹುಣ್ಣಿಮೆ ನೋಡಲು ಬೆಂಗಳೂರಿನಿಂದ ಹೊರಟ ದೊಡ್ಡ ಸಾಹೇಬರು ದಾರಿಯಲ್ಲಿ ಎರಡು ಕಡೆ ತಿಂಡಿ, ಒಂದು ಕಡೆ ನಿದ್ದೆ ಮುಗಿಸಿ ಊರು ಮುಟ್ಟುವಷ್ಟರಲ್ಲಿ ಎತ್ತುಗಳ ಓಟ ಮುಗಿದಿತ್ತು. ಊರಬಾಗಿಲ ಅಗಸಿಗೆ ಕಟ್ಟಿದ ಬೇವಿನ ತೋರಣವನ್ನು ಕಾಶವ್ವನ ಬಿಳಿ ಎತ್ತು ಮೊದಲು ಹರಿದು ಗೆದ್ದಿತ್ತು. ಬಿಳಿ ಎತ್ತು ಗೆದ್ದರೆ ಆ ವರ್ಷ ಹತ್ತಿ, ಕೆಂದೆತ್ತು ಗೆದ್ದರೆ ತೊಗರಿ ಬಿತ್ತಬೇಕು. ಊರಿನ ನಂಬಿಕೆ ಅದು.

“ಇನ್ನೊಮ್ಮೆ ಓಡಿಸಿ. ನಾನು ವಿಡಿಯೋ ಮಾಡಬೇಕು,” ಎಂದರು ಸಾಹೇಬರು ಜೀಪಿನಿಂದ ಇಳಿಯುತ್ತಲೇ.

ಕಾಶವ್ವ ಎತ್ತಿನ ಹಗ್ಗ ಬಿಗಿಹಿಡಿದಳು. ಎತ್ತು ಗೊರಸು ಸೀಳಿಕೊಂಡು ಕುಂಟುತ್ತಿತ್ತು. ಮತ್ತೆ ಓಡಿದರೆ ಅದರ ಕಾಲೇ ಹೋಗುತ್ತಿತ್ತು.

“ಕಾಲಿಗೆ ಪೆಟ್ಟಾಗೇತ್ರಿ,” ಎಂದಳು.

“ಐದು ನಿಮಿಷದ ಕೆಲಸ. ನಾನು ಯಾರು ಗೊತ್ತಾ?”

ಕಾಶವ್ವ ಸೆರಗು ಸರಿಮಾಡಿಕೊಂಡಳು. “ಗೊತ್ತಿಲ್ಲದೇನ್ರಿ! ಓಡಿಸೂಣಂತ. ಆದ್ರ ಈ ಸಲ ಕೆಂದೆತ್ತು ಗೆದ್ರ ನಾವು ಏನ್ ಬಿತ್ತೂದು? ಊರ ಮಂದಿ ಹತ್ತೀನ ಅಂತ ನಿಕ್ಕಿ ಮಾಡ್ಯಾರ. ಯಾವುದು ಅಂತ ನೀವ ಒಂದು ಚೀಟಿ ಬರದು ಸಹಿ ಹಾಕಿಬಿಡ್ರಿ. ಬೆಳಿ ಕೈಕೊಟ್ರ ಚೀಟಿ ಹಿಡಕೊಂಡು ನಿಮ್ಮ ಆಫೀಸಿಗೇ ಬರ್ತೀವಿ.”

ಇಪ್ಪತ್ತೆರಡು ವರ್ಷ ಸಹಿ ತಪ್ಪಿಸಿಕೊಂಡೇ ಮೇಲೆ ಬಂದವರು ಸಾಹೇಬರು. “ಬಾಯಲ್ಲಿ ಹೇಳಿದರೆ ಸಾಲದಾ?” ಎಂದರು ಮೆಲ್ಲಗೆ.

ಅಷ್ಟರಲ್ಲಿ ಊರಿಗೆ ಊರೇ ಅವರನ್ನು ಸುತ್ತುವರಿದಿತ್ತು.

“ಯಪ್ಪಾ, ನಂದು ಎರಿ ಹೊಲ, ನನಗೂ ಒಂದು ಬರಕೊಡ್ರಿ!”

“ನಂದು ಎಂಟೆಕರೆ, ಮದ್ಲ ನನಗ!”

ಯಾರೋ ಪೆನ್ನು ತಂದು ಅವರ ಕೈಗೇ ತುರುಕಿದರು. ಸಾಹೇಬರು ಪೆನ್ನು ಎಸೆದು ಜೀಪಿನ ಕಡೆಗೆ ಕಿತ್ತ ಓಟಕ್ಕೆ ಇಡೀ ಅಗಸಿ ಸಿಳ್ಳೆ ಹೊಡೆಯಿತು.

ಕಾಶವ್ವ ಎತ್ತಿನ ಗೊರಸಿಗೆ ಅರಿಸಿನ ಮೆತ್ತುತ್ತ ಕೂಗಿದಳು: “ಸಾವಕಾಶ್ರಿ ಸಾಹೇಬ್ರ! ನಿಮ್ಮ ಮುಂದ ಯಾವ ಎತ್ತೂ ಇಲ್ಲ, ನೀವ ಗೆದ್ರಿ!”