ಚೀಲ ಕಟ್ಟಿದ ಅಲಾರಂ

ಆಯುಧಪೂಜೆಯ ಧೂಪಕ್ಕೆ ಕೂಗದಿರಲೆಂದು ಬಣ್ಣದ ಕಾರ್ಖಾನೆಯ ಹೊಗೆ ಅಲಾರಂಗೆ ಪ್ಲಾಸ್ಟಿಕ್ ಚೀಲ ಕಟ್ಟಿದ್ದರು. ಪೂಜೆ ಮುಗಿದರೂ ಯಾರೂ ಬಿಚ್ಚಲಿಲ್ಲ.

“ಹಲ್ಲಿಯಕ್ಕಾ, ಒಳಗೆ ಒಬ್ಬನೇ ಇದ್ದೇನೆ. ಇದನ್ನು ಕಚ್ಚಿ ಹರಿಯಬಾರದೇ?” ಎಂದಿತು ಅಲಾರಂ.

“ಸುಮ್ಮನಿರಪ್ಪ. ನಿನ್ನ ಬಾಯಿ ಮುಚ್ಚಿದ ಮೇಲೇ ನಾನು ನೆಮ್ಮದಿಯಾಗಿ ಮೊಟ್ಟೆ ಇಟ್ಟಿದ್ದು,” ಎಂದಿತು ಹಲ್ಲಿ.

ಒಂದು ಮಧ್ಯಾಹ್ನ ಮೊಟ್ಟೆಗಳಿದ್ದ ಬಿರುಕಿನ ಕೆಳಗೆ, ಡಬ್ಬಗಳ ಹಿಂದೆ, ಹೊಗೆ ಎದ್ದಿತು. ಹಲ್ಲಿ ಓಡಿಬಂದಿತು. “ಕೂಗೋ ತಮ್ಮಾ, ಕೂಗು!”

“ಹೊಗೆ ಎಲ್ಲಿದೆಯಕ್ಕಾ? ನನಗೇನೂ ತಾಗುತ್ತಿಲ್ಲವಲ್ಲ.”

ಹಲ್ಲಿ ಚೀಲವನ್ನು ಕಚ್ಚಿತು, ಹರಿಯಲಿಲ್ಲ. ಕೊನೆಗೆ ತಾನೇ ಜೋರಾಗಿ ಲೊಚಗುಟ್ಟಿತು.

ಕೆಳಗೆ ಸೂಪರ್‌ವೈಸರ್ ದೇವೇಂದ್ರಪ್ಪನವರು ಆಗ ತಾನೇ, “ಈ ವರ್ಷ ನಮಗೆ ಯಾವ ವಿಘ್ನವೂ ಬಾರದು” ಎಂದಿದ್ದರು. ಆ ಸದ್ದು ಕೇಳಿ, “ನೋಡ್ರಪ್ಪ, ಹಲ್ಲೀನೂ ಹೌದು ಅಂತು” ಎಂದು ಮೇಜು ತಟ್ಟಿದರು.